ಹದಿನಾರನೆಯ ಓದುಗ

ಪುಸ್ತಕ ಮೈಸೂರಿಗೆ ಬಂದು ಹತ್ತು ವಾರಗಳಾಗಿದ್ದವು. ನ್ಯೂಜಿಲೆಂಡಿನ ಡನೆಡಿನ್‌ನಿಂದ ಹೊರಟು, ಪರ್ತ್, ಮಸ್ಕತ್, ನೈರೋಬಿ, ಲೆಸ್ಟರ್, ವಿನಿಪೆಗ್ ಎಂದು ಹದಿನಾಲ್ಕು ಊರುಗಳ ಹದಿನಾಲ್ಕು ಮನೆಗಳಲ್ಲಿ ತಂಗಿ, ಸಮುದ್ರಗಳನ್ನೆಲ್ಲ ಅಂಚೆಚೀಲದಲ್ಲಿ ಕುಳಿತು ದಾಟಿ ಬಂದ ಕಾದಂಬರಿ ಅದು. ಕೃಷ್ಣಮೂರ್ತಿಪುರಂನಿಂದ ಜಯಲಕ್ಷ್ಮಿಪುರಂವರೆಗಿನ ಎರಡು ಮೈಲಿಯನ್ನು ದಾಟುವುದು ಮಾತ್ರ ಅದಕ್ಕೆ ಸಾಧ್ಯವಾಗಿರಲಿಲ್ಲ.

ಏಕಾಂತಯ್ಯನವರು ಹನ್ನೊಂದು ಗಂಟೆಗೆ ಸರಿಯಾಗಿ ಗೇಟಿನ ಬಳಿ ಬಂದು ನಿಲ್ಲುತ್ತಿದ್ದರು. ಅಂಚೆಯ ಲಿಂಗರಾಜು ದೂರದಿಂದಲೇ ಕೈಯಾಡಿಸುತ್ತಿದ್ದ.

"ಇವತ್ತೂ ಇಲ್ಲ ಸಾ. ನೀವು ಇಂಗೆ ಗೇಟ್ ಹಿಡ್ಕೊಂಡು ನಿಂತ್ಬುಟ್ರೆ ಪಾರ್ಸಲ್ಲು ಬೇಗ ಬಂದ್ಬುಡ್ತದಾ?"

"ಬರಬೇಕು ಕಣಯ್ಯ. ಮೂರು ವಾರಕ್ಕೇ ಬರಬೇಕಿತ್ತು."

"ಎಲ್ಲಿಂದ ಸಾ? ಫಾರಿನ್ನಾ?"

"ಕೃಷ್ಣಮೂರ್ತಿಪುರಂ."

ಲಿಂಗರಾಜು ಸೈಕಲ್ಲಿನಿಂದ ಕಾಲು ಕೆಳಗೂರಿ ಅವರನ್ನೇ ನೋಡಿದ. "ಅಯ್ಯೋ ಸಾ, ಓಗಿ ಈಸ್ಕೊಂಡ್ ಬರೋದಲ್ವಾ? ಒಂದು ಬಸ್ಸು!"

ಆ ಒಂದು ಬಸ್ಸನ್ನು ಏಕಾಂತಯ್ಯನವರು ಮೂವತ್ತೊಂದು ವರ್ಷಗಳಿಂದ ಹತ್ತಿರಲಿಲ್ಲ.

ಕಾದಂಬರಿಯ ಹೆಸರು ‘ನಲ್ಲಿ ಸಾಲು’. ಬರೆದವರು ಅವರ ಹೆಂಡತಿ ಪ್ರೇಮಲೀಲಾ. ತೀರಿಕೊಂಡು ಹದಿಮೂರು ವರ್ಷ. ಅದನ್ನು ಈಗ ಕೈಯಲ್ಲಿಟ್ಟುಕೊಂಡು ಕುಳಿತಿದ್ದವರು ಪ್ರೇಮಲೀಲಾ ಅವರ ತಂಗಿ ಶಾಂತಾದೇವಿ. ಅಂಚೆಯ ಓದುಗರ ಪಟ್ಟಿಯಲ್ಲಿ ಆಕೆ ಹದಿನೈದನೆಯವರು. ಏಕಾಂತಯ್ಯನವರು ಹದಿನಾರನೆಯವರು, ಕೊನೆಯವರು. ಜಗತ್ತಿನಲ್ಲಿ ಉಳಿದಿದ್ದ ಆ ಒಂದೇ ಪ್ರತಿಯನ್ನು ಅರವತ್ತೆಂಟನೆಯ ವಯಸ್ಸಿನಲ್ಲಿ ಅವರು ಮೊದಲ ಬಾರಿಗೆ ಓದಬೇಕಾಗಿತ್ತು. ಕಣ್ಣಿನ ಪೊರೆ ದಪ್ಪವಾಗುತ್ತ ಬಂದಿತ್ತು. ಕಾಯುವುದಕ್ಕೆ ಅವರ ಬಳಿ ಬೇಕಾದಷ್ಟು ಹಗಲುಗಳಿರಲಿಲ್ಲ.

ಎಲ್ಲ ಶುರುವಾದದ್ದು 2001ರಲ್ಲಿ ಬಂದ ಒಂದು ಕಾಗದದಿಂದ. ‘ಶ್ರೀಮತಿ ಪ್ರೇಮಲೀಲಾ ಅವರ ಮನೆಯವರಿಗೆ’ ಎಂದು ಲಕೋಟೆಯ ಮೇಲಿತ್ತು. ಬರೆದವಳು ಸುಷ್ಮಾ ಎಂಬ ಹೆಣ್ಣುಮಗಳು, ಡನೆಡಿನ್ನಿನ ಆಸ್ಪತ್ರೆಯೊಂದರಲ್ಲಿ ನರ್ಸು. ಮೂರು ವರ್ಷದ ಹಿಂದೆ ಮೈಸೂರಿಗೆ ಬಂದಿದ್ದಾಗ ಪುರಭವನದ ಬಳಿಯ ಫುಟ್‌ಪಾತಿನಲ್ಲಿ ಈ ಪುಸ್ತಕ ಸಿಕ್ಕಿತಂತೆ. ವಿಳಾಸ ಪುಸ್ತಕದೊಳಗೇ ಇತ್ತಂತೆ. ಕಂಪ್ಯೂಟರಿನಲ್ಲಿ ಪರಸ್ಪರ ಬರೆದುಕೊಳ್ಳುವ ಕನ್ನಡ ಓದುಗರ ಗುಂಪೊಂದರಲ್ಲಿ ಅವಳು ಇದರ ಮಾತೆತ್ತಿದಾಗ ಎಲ್ಲರೂ ತಮಗೂ ಬೇಕೆಂದರಂತೆ. ಇರುವುದು ಒಂದೇ ಪ್ರತಿ. ಅದನ್ನೇ ಅಂಚೆಯಲ್ಲಿ ಒಬ್ಬರಿಂದ ಒಬ್ಬರಿಗೆ ಸರದಿಯಂತೆ ಕಳಿಸುವುದೆಂದು ಗೊತ್ತುಮಾಡಿಕೊಂಡರು. ನಿಯಮಗಳು ಮೂರು. ಒಬ್ಬರ ಬಳಿ ಮೂರು ವಾರಕ್ಕಿಂತ ಹೆಚ್ಚು ಇರಕೂಡದು. ಪುಟದಂಚಿನಲ್ಲಿ ಅನಿಸಿದ್ದನ್ನು ಬರೆಯಬಹುದು, ಊರಿನ ಹೆಸರು ಹಾಕಬೇಕು. ಪುಸ್ತಕ ಅಂಚೆಯಲ್ಲೇ ಹೋಗಬೇಕು, ಕೈಯಿಂದ ಕೈಗೆ ಕೊಡಕೂಡದು; ಬಂದ ಪಾರ್ಸೆಲ್ಲಿನ ಅಂಚೆಚೀಟಿಯನ್ನು ಕತ್ತರಿಸಿ ಕೊನೆಯ ಖಾಲಿ ಹಾಳೆಗೆ ಅಂಟಿಸಬೇಕು. ಪುಸ್ತಕ ನಡೆದ ದಾರಿಗೆ ಅದೇ ಸಾಕ್ಷಿ.

ಕಾಗದದ ಕೊನೆಯಲ್ಲಿ ಸುಷ್ಮಾ ಹೀಗೆ ಬರೆದಿದ್ದಳು: "ಒಂದು ಸ್ವಾರಸ್ಯ ಹೇಳಬೇಕು. ಅಚ್ಚಿನ ದೊಡ್ಡ ಹಾಳೆಯನ್ನು ಮಡಚಿ ಹೊಲಿದಾಗ ಅಂಚಿನಲ್ಲಿ ಮಡಿಕೆ ಉಳಿಯುತ್ತದಲ್ಲ, ಪುಸ್ತಕ ನನಗೆ ಸಿಕ್ಕಿದಾಗ ಅದನ್ನೇ ಯಾರೂ ಬಿಡಿಸಿರಲಿಲ್ಲ; ಒಳಪುಟಗಳು ತೆರೆಯುತ್ತಲೇ ಇರಲಿಲ್ಲ. ಅಡುಗೆಮನೆಯ ಚಾಕುವಿನಿಂದ ನಾನೇ ಸೀಳಿದೆ. ಮೊದಲ ಪುಟದಲ್ಲಿ ಲೇಖಕಿಯ ಕೈಬರಹವಿದೆ. ‘ಏ. ಅವರಿಗೆ. ಇನ್ನೊಮ್ಮೆ ಓದಿ, ಈ ಸಲ ಮೊದಲಿನಿಂದ. ಪ್ರೇ.’ ಈ ಏ. ಯಾರೆಂದು ತಮಗೇನಾದರೂ ಗೊತ್ತೇ? ಇನ್ನೊಮ್ಮೆ ಓದಿ ಎನ್ನುತ್ತಾರೆ. ಆ ಪುಣ್ಯಾತ್ಮ ಒಮ್ಮೆಯೂ ಓದಿದಂತಿಲ್ಲ!"

ಏಕಾಂತಯ್ಯನವರಿಗೆ ಗೊತ್ತಿತ್ತು.

ಅವರು ನಗರದ ಒಂದು ಅಚ್ಚುಕೂಟದಲ್ಲಿ ಕರಡು ತಿದ್ದುವವರಾಗಿ ಮೂವತ್ತನಾಲ್ಕು ವರ್ಷ ದುಡಿದವರು. ಆ ಕೆಲಸಕ್ಕೊಂದು ಕ್ರಮವಿತ್ತು. ಕಣ್ಣು ಕತೆಯ ಹಿಂದೆ ಓಡಿದರೆ ತಪ್ಪು ತಪ್ಪಿಸಿಕೊಳ್ಳುತ್ತದೆ. ಆದ್ದರಿಂದ ಅವರು ಪುಟದ ಕೊನೆಯ ಸಾಲಿನಿಂದ ಮೇಲಕ್ಕೆ, ಬಲದಿಂದ ಎಡಕ್ಕೆ, ಒಂದೊಂದೇ ಪದವನ್ನು ಬಿಡಿಬಿಡಿಯಾಗಿ ನೋಡುತ್ತಿದ್ದರು. ಅರ್ಥವನ್ನು ಹತ್ತಿರ ಸೇರಿಸದ ಆ ಶಿಸ್ತಿಗೆ ಅಚ್ಚುಕೂಟದಲ್ಲಿ ದೊಡ್ಡ ಹೆಸರಿತ್ತು. 1969ರಲ್ಲಿ ಹೆಂಡತಿಯ ಕಾದಂಬರಿಯ ಕರಡು ಬಂದಾಗಲೂ ಅವರು ಹಾಗೆಯೇ ನೋಡಿದರು. ಅದರ ಪ್ರತಿಯೊಂದು ಅಕ್ಷರವೂ ಅವರ ಕಣ್ಣಿನ ಕೆಳಗೆ ಹಾದುಹೋಗಿತ್ತು. ಕತೆ ಮಾತ್ರ ಹಾದುಹೋಗಿರಲಿಲ್ಲ.

"ಹೇಗಿದೆ?" ಎಂದು ಪ್ರೇಮಲೀಲಾ ಕೇಳಿದ್ದರು, ಕರಡಿನ ಸುರುಳಿಯನ್ನು ಸೆರಗಿನಲ್ಲಿ ಹಿಡಿದು.

"ತಪ್ಪು ಕಡಿಮೆ ಇದೆ," ಎಂದಿದ್ದರು ಏಕಾಂತಯ್ಯ.

ಆಗ ಅವರು ಹೊಸ ಕಾವ್ಯದ ಉಪಾಸಕರು. ವಠಾರದ ಬೀದಿ ನಲ್ಲಿ, ಬಿಂದಿಗೆ, ನೀರಿಗೆ ಸಾಲು ನಿಂತ ಹೆಂಗಸರ ಜಗಳ, ಇದರಲ್ಲಿ ಓದುವುದಕ್ಕೇನಿದೆ ಎಂಬ ತೀರ್ಮಾನ ಓದುವ ಮೊದಲೇ ಆಗಿಹೋಗಿತ್ತು. ಬೈಂಡರ್ ಜವರಯ್ಯ ಹೊಲಿದು ಮುಗಿಸಿದ ಮೊಟ್ಟಮೊದಲ ಪ್ರತಿಯನ್ನು, ಅಂಚು ಕತ್ತರಿಸುವಷ್ಟೂ ತಡೆಯಲಾರದೆ, ಪ್ರೇಮಲೀಲಾ ಹಾಗೆಯೇ ಮನೆಗೆ ತಂದರು. ಎರಡು ಸಾಲು ಬರೆದು ಗಂಡನಿಗೆ ಕೊಟ್ಟರು. ಅವರು ಆ ಸಾಲುಗಳನ್ನು ಓದಿ, ನಕ್ಕು, ಪುಸ್ತಕವನ್ನು ಟ್ರಂಕಿನ ಮೇಲಿಟ್ಟರು. ಆಮೇಲೆ ಎಂದುಕೊಂಡರು. ಆಮೇಲೆ ಎನ್ನುವುದು ಒಂದು ದೊಡ್ಡ ಕಪಾಟು. ಅದರಲ್ಲಿ ಇಟ್ಟದ್ದು ಕಾಣೆಯಾಗುತ್ತ ಹೋಗುತ್ತದೆ. ಪ್ರೇಮಲೀಲಾ ಯಾವಾಗಲೋ ಅದನ್ನು ಹಿಂದಕ್ಕೆ ತೆಗೆದುಕೊಂಡರು. ಆಕೆ ಸತ್ತಮೇಲೆ, ಆಕೆಯ ಕಪಾಟಿನ ಮುಂದೆ ನಿಲ್ಲಲಾರದೆ, ಅದರಲ್ಲಿದ್ದ ಕಾಗದವನ್ನೆಲ್ಲ ಏಕಾಂತಯ್ಯನವರು ಒಂದೂ ನೋಡದೆ ಹಳೆ ಪೇಪರಿನವನಿಗೆ ಹೊರಿಸಿ ಕಳಿಸಿದ್ದರು.

ಉಳಿದ ಪ್ರತಿಗಳ ಕತೆ ಅದಕ್ಕಿಂತ ಕೆಟ್ಟದ್ದು. ಅಚ್ಚಾದ ಐನೂರರಲ್ಲಿ ಬೈಂಡ್ ಆದವು ಅರವತ್ತೇ, ಅವೂ ಒಂದೊಂದಾಗಿ ಎಲ್ಲೆಲ್ಲೋ ಕಳೆದುಹೋದವು. ಮಿಕ್ಕವು ಬಿಡಿ ಹಾಳೆಗಳಾಗಿ ಅಚ್ಚುಕೂಟದ ಅಟ್ಟದ ಮೇಲೆ ಬಿದ್ದಿದ್ದವು. 1973ರಲ್ಲಿ, ಕಾಗದದ ಬರಗಾಲದ ನಡುವೆ, ಏಕಾಂತಯ್ಯನವರ ಒಂದೇ ಒಂದು ಕವನ ಸಂಕಲನ ಹೊರಬಂತು. ಪುಸ್ತಕದ ಬೆನ್ನಿಗೆ ಒಳಗಿನಿಂದ ಅಂಟಿಸಲು ದಪ್ಪ ಕಾಗದವಿಲ್ಲವೆಂದು ಜವರಯ್ಯ ತಲೆ ಕೆರೆದುಕೊಂಡ.

"ಅಟ್ಟದ ಮೇಲೆ ಆ ಹಾಳೆಗಳು ಹೇಗೂ ಬಿದ್ದಿವೆಯಲ್ಲ ಜವರಯ್ಯ. ಅದನ್ನೇ ಪಟ್ಟಿ ಮಾಡಿ ಹಾಕು," ಎಂದರು ಕವಿಗಳು.

ಬಿಡುಗಡೆಯ ದಿನ ಶಾಂತಾದೇವಿ ಭಾವನ ಪುಸ್ತಕವನ್ನು ಅಭಿಮಾನದಿಂದಲೇ ಅಗಲಿಸಿ ಹಿಡಿದರು. ಬೆನ್ನು ಬಿರಿಯಿತು. ಒಳಗೆ, ಅಂಟಿನಲ್ಲಿ ಹಳದಿಯಾದ ಪಟ್ಟಿಯ ಮೇಲೆ, ಅಕ್ಕನ ಒಂದು ಸಾಲು: ‘ನೀರು ನಿಂತ ಮೇಲೂ ಸಾಲು ನಿಂತೇ ಇತ್ತು.’ ನಲವತ್ತು ಜನರ ಸಭೆಯಲ್ಲಿ ಶಾಂತಾದೇವಿ ಎದ್ದುನಿಂತು ಅದನ್ನು ಗಟ್ಟಿಯಾಗಿ ಓದಿದರು. ಅಂದಿನಿಂದ ಅವರು ಏಕಾಂತಯ್ಯನವರನ್ನು ಭಾವ ಎಂದು ಕರೆಯಲಿಲ್ಲ. ಪ್ರೇಮಲೀಲಾ ಮಾತ್ರ ತಂಗಿಯ ಕೈಯಿಂದ ಆ ಪುಸ್ತಕ ಬಿಡಿಸಿಕೊಂಡು, "ಇರ್ಲಿ ಬಿಡೇ, ಬೆನ್ನಿಗೆ ಏನಾದ್ರೂ ಒಂದು ಬೇಕಲ್ಲ," ಎಂದಿದ್ದರು. ಆಕೆ ಮತ್ತೆ ಬರೆಯಲಿಲ್ಲ.

ಸುಷ್ಮಾಗೆ ಉತ್ತರಿಸುವಾಗ ಏಕಾಂತಯ್ಯನವರು ಇದಾವುದನ್ನೂ ಬರೆಯಲಿಲ್ಲ. ತಮ್ಮನ್ನೂ ಸರದಿಗೆ ಸೇರಿಸಬೇಕೆಂದು ಕೇಳಿದರು. ಹೆಸರು ಹಾಕಿದರೆ ಏ. ಯಾರೆಂದು ಹೊರಬೀಳುತ್ತದೆಂದು ‘ಲೇಖಕಿಯ ಮನೆಯವರು’ ಎಂದಷ್ಟೇ ರುಜು ಮಾಡಿದರು. ಅರ್ಪಣೆಯ ಪುಟದಲ್ಲಿರುವ ‘ತಂಗಿ ಶಾಂತಾ’ ಯಾರು ಎಂದು ಅವಳು ಕೇಳಿದ್ದಕ್ಕೆ, ಒಂದಾದರೂ ನೇರವಾದ ಕೆಲಸ ಮಾಡೋಣವೆಂದು, ಕೃಷ್ಣಮೂರ್ತಿಪುರಂನ ವಿಳಾಸ ಬರೆದು ಕಳಿಸಿದರು. ಸುಷ್ಮಾ ಸೌಜನ್ಯದವಳು, ಲೇಖಕಿಯ ತಂಗಿಯನ್ನು ಸರದಿಯಲ್ಲಿ ಅವರಿಗಿಂತ ಮುಂದೆ ನಿಲ್ಲಿಸಿದಳು.

ಲಿಂಗರಾಜು ಹಾಗೆಂದ ಮರುದಿನ ಏಕಾಂತಯ್ಯನವರು ಬಸ್ಸು ಹತ್ತಿದರು.

ಶಾಂತಾದೇವಿ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಹೊಲಿಗೆ ಕಲಿಸಿ ನಿವೃತ್ತರಾದವರು. ಮದುವೆಯ ಗೊಡವೆಗೆ ಹೋಗಿರಲಿಲ್ಲ. ಮುಂಬಾಗಿಲು ತೆರೆದೇ ಇತ್ತು. ಕಿಟಕಿಯ ಬೆಳಕಿಗೆ ಬೆನ್ನು ಮಾಡಿ ಕುರ್ಚಿಯಲ್ಲಿ ಕುಳಿತಿದ್ದರು. ಮೇಜಿನ ಮೇಲೆ ಒಂದು ಕೆಂಪು ದಾರದ ಉಂಡೆ, ಕತ್ತರಿ, ಹಾಲಿನ ಪ್ಯಾಕೆಟ್ಟು. ಬಂದವರನ್ನು ಕಂಡು ಮಡಿಲಿನಲ್ಲಿದ್ದುದರ ಮೇಲೆ ಟವಲೊಂದನ್ನು ಎಳೆದುಕೊಂಡರು.

"ಏಕಾಂತಯ್ಯನೋರು," ಎಂದರು. "ದಾರಿ ನೆನಪಿತ್ತಾ?"

"ಪುಸ್ತಕಕ್ಕೆ ಬಂದೆ."

"ಗೊತ್ತು. ನನ್ನ ಮಂಡಿನೋವು ವಿಚಾರ್ಸಕ್ಕೆ ಬಂದಿರಲ್ಲ ಅಂತ ಗೊತ್ತು. ಕೂತ್ಕೊಳ್ಳಿ. ಕಾಫಿ ಕೊಡ್ತಿದ್ದೆ, ಹಾಲು ಮುಗ್ದೋಗಿದೆ."

ಇಬ್ಬರೂ ಮೇಜಿನ ಮೇಲಿನ ಹಾಲಿನ ಪ್ಯಾಕೆಟ್ಟನ್ನು ನೋಡಿದರು.

"ಮೂರು ವಾರ ಅಂತ ನಿಯಮ ಶಾಂತಾ. ಹತ್ತು ವಾರ ಆಯ್ತು."

"ಓಹೋ, ವಾರ ಎಣಿಸ್ತಿದೀರಾ. ನಮ್ಮಕ್ಕ ಒಂದೂವರೆ ವರ್ಷ ಬರದ್ಲು. ನಲ್ಲೀಲಿ ನೀರು ಬರೋಕ್ ಮುಂಚೆ ಎದ್ದು, ಸ್ಟೌ ಪಕ್ಕದಲ್ಲಿ ಕೂತು. ಆ ವಾರಗಳನ್ನ ಎಣಿಸಿದ್ರಾ?"

"ನಾನು ಜಗಳಕ್ಕೆ ಬಂದಿಲ್ಲ."

"ಮತ್ತೆ ಇನ್ಯಾವುದಕ್ಕೆ ಬರ್ತೀರಿ ಹೇಳಿ? ನಮ್ಮಿಬ್ಬರ ಮಧ್ಯೆ ಉಳಿದಿರೋದು ಅದೊಂದೇ."

ಏಕಾಂತಯ್ಯನವರು ಕೈ ಚಾಚಿದರು. "ಕೊಡು. ನಾನೇ ತಗೊಂಡ್ ಹೋಗ್ತೀನಿ."

"ಕೈಯಿಂದ ಕೈಗೆ ಕೊಡೋ ಹಾಗಿಲ್ಲ. ಅಂಚೇಲೇ ಬರ್ಬೇಕು ಅಂತ ಬರ್ದಿದೆಯಲ್ಲ. ನೀವು ಓದಿರೋರು, ನಿಯಮ ಓದ್ಲಿಲ್ವಾ? ಅಥ್ವಾ ಅದನ್ನೂ ಕೆಳಗಿಂದ ಮೇಲಕ್ಕೆ ಓದಿದ್ರಾ?"

"ಎರಡು ಮೈಲಿಗೆ ಅಂಚೆ! ಹುಡುಗಾಟ ಆಡ್ತಿದೀಯಾ?"

"ಆ ಹುಡುಗಿ ಡನೆಡಿನ್ನಿಂದ ಕಳ್ಸಿದಾಳೆ, ಅವಳಿಗಿಲ್ಲದ ಅವಸರ ನಿಮಗೆ. ಮೂವತ್ತೈದು ವರ್ಷ ಕಾಯಿಸಿದೋರು ನೀವು. ಕಾದ್ ನೋಡಿ. ಹೇಗಿರತ್ತೆ ಅಂತ ಗೊತ್ತಾಗ್ಲಿ."

"ನೀನು ಅದನ್ನ ಹಾಳು ಮಾಡಿದೀಯ. ನನಗೆ ಗೊತ್ತು. ನನಗೆ ಸಿಗಬಾರದು ಅಂತ ಸುಟ್ಟುಹಾಕಿದೀಯ."

ಶಾಂತಾದೇವಿ ಟವಲಿನ ಮೇಲೆ ಎರಡೂ ಅಂಗೈಗಳನ್ನು ಊರಿದರು.

"ನಮ್ಮಕ್ಕನ ಪುಸ್ತಕ ಹರಿದು ನಿಮ್ಮ ಪದ್ಯಕ್ಕೆ ಬೆನ್ನುಮೂಳೆ ಮಾಡ್ಕೊಂಡೋರು ನೀವು ಕಣ್ರೀ. ಸುಡೋದು, ಹರಿಯೋದು, ತೂಕಕ್ಕೆ ಹಾಕೋದು ಎಲ್ಲ ನಿಮ್ಮನೆ ಕಸುಬು." ಕತ್ತರಿಯನ್ನು ಪಕ್ಕಕ್ಕೆ ಸರಿಸಿದರು. "ಪಟ್ಟೀಲಿ ನಿಮ್ಮ ಹೆಸರು ಹುಡುಕ್ದೆ. ಇಲ್ಲ. ಲೇಖಕಿಯ ಮನೆಯವರು! ಪದ್ಯದ ಪುಸ್ತಕದ ಮೇಲೆ ಅಷ್ಟು ದಪ್ಪಕ್ಷರದಲ್ಲಿ ಹಾಕಿಸ್ಕೊಂಡಿದ್ರಲ್ಲ, ಆ ಹೆಸರು ಎಲ್ಲಿ ಹೋಯ್ತು?"

"ನಾನು ಸುಷ್ಮಾಗೆ ಬರೀತೀನಿ."

"ಬರೀರಿ. ಹಾಗೇ ಏ. ಅಂದ್ರೆ ಯಾರು ಅಂತಾನೂ ಬರೀರಿ. ಪಾಪ, ಪರ್ತಿನವರು, ನೈರೋಬಿಯವರು ಎಲ್ಲ ಪುಟದಂಚಿನಲ್ಲಿ ಕೇಳ್ತಾ ಇದಾರೆ. ಜಗತ್ತೇ ಕೇಳ್ತಿದೆ. ಹೋಗ್ತಾ ಬಾಗ್ಲು ಮುಂದಕ್ ಮಾಡ್ಕೊಂಡ್ ಹೋಗಿ, ಬೆಕ್ಕು ಬರತ್ತೆ."

ಬೆಕ್ಕು ಹಾಲಿಗೆ ಬರುತ್ತದೆಂಬುದನ್ನು ಅವರು ಬಾಯಿ ಬಿಟ್ಟು ಹೇಳಲಿಲ್ಲ.

ಏಕಾಂತಯ್ಯನವರು ಸುಷ್ಮಾಗೆ ನಾಲ್ಕು ಪುಟದ ದೂರು ಬರೆದರು. ತಿದ್ದಿದರು; ಮೂರು ಪುಟವಾಯಿತು. ಏ. ಬಗ್ಗೆ ಒಂದು ಅಕ್ಷರವೂ ಅದರಲ್ಲಿರಲಿಲ್ಲ. ಉತ್ತರ ಬಂದದ್ದು ತಿಂಗಳ ಮೇಲೆ. "ಶಾಂತಾದೇವಿಯವರು ಕಾಲಾವಕಾಶ ಕೇಳಿ ಬರೆದಿದ್ದಾರೆ. ಪುಸ್ತಕದ ರಿಪೇರಿ ನಡೆದಿದೆಯಂತೆ. ಅವರ ಕೈಬರಹ ನೋಡಿದರೆ ಬೇಡವೆನ್ನಲು ಮನಸ್ಸಾಗಲಿಲ್ಲ. ತಮ್ಮಲ್ಲಿಗೆ ಬಂದಮೇಲೆ ಪುಸ್ತಕವನ್ನು ನನಗೆ ಮರಳಿಸಬೇಕೆಂದಿಲ್ಲ. ಲೇಖಕಿಯ ಮನೆಗೆ ಸೇರಬೇಕಾದ್ದು ಅದು. ಬೇಕೆನಿಸಿದರೆ ಇಟ್ಟುಕೊಳ್ಳಿ."

ಇಟ್ಟುಕೊಳ್ಳುವುದು. ಆ ಮಾತನ್ನು ಅವರು ಹಲವು ದಿನ ಬಾಯಲ್ಲಿಟ್ಟು ಚಪ್ಪರಿಸಿದರು. ಪುಸ್ತಕ ಬರಲಿ, ಮತ್ತೆ ಈ ಗೇಟು ದಾಟಿ ಹೋಗುವುದಿಲ್ಲ. ಆ ಅಂಚುಗಳ ಬರಹವೂ, ಆ ಪ್ರಶ್ನೆಯೂ, ಎಲ್ಲ ಈ ಮನೆಯೊಳಗೇ ಮುಗಿಯಲಿ.

ಹದಿನೈದನೆಯ ವಾರ, ದಸರೆಯ ಗದ್ದಲವೆಲ್ಲ ಇಳಿದ ಮೇಲೆ, ಲಿಂಗರಾಜು ದೂರದಿಂದಲೇ ಗಂಟೆ ಬಾರಿಸುತ್ತ ಬಂದ.

"ತಗೊಳ್ಳಿ ಸಾ! ಎರಡು ಮೈಲಿ ಪಾರ್ಸಲ್ಲು. ರಿಜಿಸ್ಟರ್ ಬೇರೆ ಮಾಡವ್ರೆ. ಏನ್ ಸಾ ಇದು, ಆಸ್ತಿ ಪತ್ರವಾ?"

ಏಕಾಂತಯ್ಯನವರು ರುಜು ಹಾಕಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಬಿಳಿ ಬಟ್ಟೆಯ ಹೊದಿಕೆ, ಸಣ್ಣ ಸಣ್ಣ ಹೊಲಿಗೆ, ನೇರಾನೇರ. ಅದನ್ನು ಬಿಚ್ಚಿದಾಗ ಮೊದಲು ಬಿದ್ದದ್ದು ಕಾಗದದಲ್ಲಿ ಸುತ್ತಿದ ಅರ್ಧ ಬ್ಲೇಡು, ಹೊಲಿಗೆಯವರು ತಪ್ಪಿದ ಹೊಲಿಗೆಯನ್ನು ಬಿಚ್ಚುವಂಥದು. ಆಮೇಲೆ ಪುಸ್ತಕ. ಬೂದು ರಟ್ಟು, ಅದರ ಮೇಲೆ ಅಂದು ತಾವೇ ಆರಿಸಿಕೊಟ್ಟಿದ್ದ ಅಕ್ಷರದ ಅಚ್ಚಿನಲ್ಲಿ ಹೆಂಡತಿಯ ಹೆಸರು. ಅವರು ಹೆಬ್ಬೆರಳಿನಿಂದ ರಟ್ಟನ್ನೆತ್ತಿ ಹಾಳೆ ತಿರುಗಿಸಲು ಹೋದರು. ಹಾಳೆ ತಿರುಗಲಿಲ್ಲ.

ಪುಸ್ತಕವನ್ನು ಕಣ್ಣಿನ ಹತ್ತಿರ ತಂದರು. ಎಲ್ಲೆಲ್ಲಿ ಮೊದಲು ಮಡಿಕೆಯಿತ್ತೋ, ಎಲ್ಲೆಲ್ಲಿ ಸುಷ್ಮಾಳ ಚಾಕು ಹರಿದಿತ್ತೋ, ಅಲ್ಲೆಲ್ಲ ಹಾಳೆಗೆ ಹಾಳೆಯನ್ನು ಸೇರಿಸಿ ಕೆಂಪು ದಾರದಲ್ಲಿ ಹೊಲಿಯಲಾಗಿತ್ತು. ನೂರತೊಂಬತ್ತೆರಡು ಪುಟ, ಮೊದಲಿನಿಂದ ಕೊನೆಯವರೆಗೆ. ಒಂದೊಂದು ಹೊಲಿಗೆಗೂ ಒಂದೊಂದು ದಾರ, ಒಂದೊಂದು ಗಂಟು. ಲೇಖಕಿಯ ಕೈಬರಹವಿದ್ದ ಮೊದಲ ಪುಟವನ್ನೂ ಬಿಟ್ಟಿರಲಿಲ್ಲ. ತೆರೆದಿದ್ದದ್ದು ಹಿಂದಿನ ರಟ್ಟಿಗಂಟಿಸಿದ ಓದುಗರ ಪಟ್ಟಿ ಮಾತ್ರ. ಅದರ ಹದಿನೈದನೆಯ ಸಾಲಿನಲ್ಲಿ, ಹೊಲಿಗೆಯಷ್ಟೇ ನೇರವಾದ ಅಕ್ಷರದಲ್ಲಿ ಹೀಗಿತ್ತು: ‘ಪುಸ್ತಕವನ್ನು ಮೊದಲಿದ್ದ ಸ್ಥಿತಿಗೆ ತಂದಿದ್ದೇನೆ. ಯಾರಿಗೆಂದು ಕೊಟ್ಟದ್ದೋ ಅವರೇ ಬಿಡಿಸಿಕೊಂಡು ಓದಲಿ. ಶಾಂತಾದೇವಿ, ಮೈಸೂರು.’

ಏಕಾಂತಯ್ಯನವರ ಬಾಯಿಂದ ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುವವರು ಮಾತ್ರ ಆಡುತ್ತಿದ್ದ ಬೈಗುಳವೊಂದು ಹೊರಬಂತು. ಪುಸ್ತಕಕ್ಕೆ ಸೂಜಿ ಚುಚ್ಚುವುದೇ! ಕತ್ತರಿ ತಂದು ಅಂಚನ್ನೇ ಒಂದೇ ಸಲಕ್ಕೆ ಕತ್ತರಿಸಿ ಎಸೆಯಬೇಕೆನಿಸಿತು. ಕತ್ತರಿ ತಂದರು ಕೂಡ. ಆದರೆ ಅಂಚಿನಲ್ಲಿ ಹದಿನಾಲ್ಕು ಊರುಗಳ ಬರಹವಿತ್ತು. ಅಂಚು ಹೋದರೆ ಅದೂ ಹೋಗುತ್ತಿತ್ತು. ಹೋಗಲಿ ಎಂದು ಒಂದು ಗಳಿಗೆ ಅನಿಸಿದ್ದೂ ನಿಜ. ಆ ಗಳಿಗೆಯಲ್ಲಿ ಅವರಿಗೆ ಅಟ್ಟದ ಕೆಳಗೆ ನಿಂತು ತಲೆ ಕೆರೆದುಕೊಳ್ಳುತ್ತಿದ್ದ ಜವರಯ್ಯ ಕಂಡ. ಅದನ್ನೇ ಪಟ್ಟಿ ಮಾಡಿ ಹಾಕು ಎಂದ ತಮ್ಮ ದನಿ ಕೇಳಿತು.

ಕತ್ತರಿಯನ್ನು ಕೆಳಗಿಟ್ಟು ಅರ್ಧ ಬ್ಲೇಡನ್ನು ಕೈಗೆತ್ತಿಕೊಂಡರು.

ಮೊದಲ ದಾರ ಬಿಡಿಸಲು ಅರ್ಧ ಗಂಟೆ ಹಿಡಿಯಿತು. ಗಂಟನ್ನು ಕತ್ತರಿಸಿ, ಉಗುರಿನಿಂದ ದಾರವನ್ನು ಮೆಲ್ಲನೆ ಎಳೆದರೆ ಅದು ಇಡಿಯಾಗಿ ಹೊರಬರುತ್ತಿತ್ತು. ಹಾಳೆ ತೆರೆದುಕೊಂಡಿತು. ನೀಲಿ ಶಾಯಿ ಕಂದುಬಣ್ಣಕ್ಕೆ ತಿರುಗಿತ್ತು. ‘ಏ. ಅವರಿಗೆ. ಇನ್ನೊಮ್ಮೆ ಓದಿ, ಈ ಸಲ ಮೊದಲಿನಿಂದ. ಪ್ರೇ.’ ಅದರ ಸುತ್ತ, ಹೆಣದ ಸುತ್ತ ನೆರೆದ ಜನದ ಹಾಗೆ, ಬಗೆಬಗೆಯ ಶಾಯಿಯ ಬರಹ. ‘ಹಾಳೆ ಸೀಳುವಷ್ಟೂ ಪುರುಸೊತ್ತಿರಲಿಲ್ಲವೇ ಮಹಾರಾಯನಿಗೆ? ಪರ್ತ್.’ ‘ವಿಮರ್ಶಕನಿರಬೇಕು, ಓದದೆಯೇ ಬರೆದಿರುತ್ತಾನೆ. ಲೆಸ್ಟರ್.’ ‘ಇವನ ಮನೆಯ ನಲ್ಲಿ ಒಣಗಲಿ! ಮಸ್ಕತ್.’ ‘ಅವಳು ಇವನನ್ನು ಇನ್ನೊಮ್ಮೆ ಕೇಳಿದ್ದೇಕೆ ಎಂಬುದೇ ನನ್ನ ಪ್ರಶ್ನೆ. ವಿನಿಪೆಗ್.’

ಅವರು ಅಷ್ಟನ್ನೂ ಓದಿದರು. ಮೇಲಿನಿಂದ ಕೆಳಕ್ಕೆ.

ಬೆಳಕಿರುವಷ್ಟು ಹೊತ್ತು ದಿನಕ್ಕೆ ಮೂರೋ ನಾಲ್ಕೋ ದಾರ. ಬಿಡಿಸಿದಷ್ಟು ಓದು, ಮತ್ತೆ ಬಿಡಿಸು. ಕಣ್ಣು ಅಭ್ಯಾಸಬಲದಿಂದ ಪುಟದ ಬುಡಕ್ಕೆ ಜಾರುತ್ತಿತ್ತು. ಅವರು ಅದನ್ನು ಕಿವಿ ಹಿಡಿದು ಮೇಲಕ್ಕೆ ತರುತ್ತಿದ್ದರು. ಕಾದಂಬರಿಯಲ್ಲಿ ವಠಾರದ ಒಂಬತ್ತು ಹೆಂಗಸರಿದ್ದರು. ಅವರ ಜಗಳಗಳಿಗೆ ಇಂಥ ಮೊನೆಯಿತ್ತೇ? ಒಬ್ಬಳು ಇನ್ನೊಬ್ಬಳ ಬಿಂದಿಗೆಯನ್ನು ಸಾಲಿನಿಂದ ಒದ್ದು, ಅದೇ ಸಂಜೆ ಅವಳ ಮಗುವಿಗೆ ಮೊಲೆಯೂಡುವ ಪ್ರಸಂಗವನ್ನು ಓದಿ ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಏಳನೆಯ ಅಧ್ಯಾಯದಲ್ಲಿ ನೀರಿನ ಇನ್‌ಸ್ಪೆಕ್ಟರು ಬಂದ. ನಲ್ಲಿಯ ತಿರುಪು ನೋಡಿದ, ಪೈಪಿನ ಕೀ‍ಲು ನೋಡಿದ, ತುಕ್ಕು ನೋಡಿದ. ದೋಷವಿಲ್ಲವೆಂದು ಪುಸ್ತಕದಲ್ಲಿ ಬರೆದುಕೊಂಡ. ನೀರು ಬರುತ್ತದೆಯೇ ಎಂದು ಯಾರನ್ನೂ ಕೇಳದೆ, ಖಾಲಿ ಬಿಂದಿಗೆಗಳ ನಡುವೆ ಪಂಚೆ ಎತ್ತಿಹಿಡಿದು ನಡೆದುಹೋದ. ಆ ಪಂಚೆ ಎತ್ತಿಹಿಡಿಯುವ ರೀತಿಯನ್ನು ಏಕಾಂತಯ್ಯನವರು ಬಲ್ಲರು. ಈಗಲೂ ಹಾಗೆಯೇ ಹಿಡಿದು ಅವರು ಅಂಗಳ ದಾಟುತ್ತಿದ್ದರು. ಪುಟದಂಚಿನಲ್ಲಿ ನೈರೋಬಿಯವರು ಬರೆದಿದ್ದರು: ‘ಇವನನ್ನು ಬಲ್ಲೆ. ನಮ್ಮನೆಯಲ್ಲೂ ಒಬ್ಬರಿದ್ದರು.’

ಮೂರನೆಯ ವಾರದ ಮೊದಲಲ್ಲಿ ಆ ಸಾಲು ಬಂತು.

ಮೂವತ್ತೊಂದು ವರ್ಷದಿಂದ ಅದು ಅವರ ಕಿವಿಯಲ್ಲಿ ಶಾಂತಾದೇವಿಯ ದನಿಯಲ್ಲೇ ಇತ್ತು. ನೀರು ನಿಂತ ಮೇಲೂ ಸಾಲು ನಿಂತೇ ಇತ್ತು. ಅದು ಸೋತವರ ಮಾತು, ತಮ್ಮ ಮೇಲಿನ ದೂರು ಎಂದೇ ಅವರು ನಂಬಿದ್ದರು; ಅದರ ಹಿಂದುಮುಂದು ಏನಿತ್ತೆಂದು ತಿಳಿಯುವ ದಾರಿಯಿರಲಿಲ್ಲ. ಈಗ ಪುಟದ ನಡುವೆ, ತನ್ನ ಸ್ವಂತ ಜಾಗದಲ್ಲಿ, ಅದು ನಿಂತಿತ್ತು. ನಲ್ಲಿ ಒಣಗಿದೆ. ಬಿಂದಿಗೆಗಳು ತುಂಬಿಲ್ಲ. ಆದರೂ ಒಂಬತ್ತು ಹೆಂಗಸರಲ್ಲಿ ಒಬ್ಬಳೂ ಮನೆಗೆ ಹೋಗಲೊಲ್ಲಳು, ಏಕೆಂದರೆ ಯಾರೋ ಏನೋ ಹೇಳಿ ಎಲ್ಲರೂ ನಗುತ್ತಿದ್ದಾರೆ. ಇಡೀ ದಿನದಲ್ಲಿ ಅವರು ನಗುವ ಜಾಗ ಅದೊಂದೇ. ‘ನೀರು ನಿಂತ ಮೇಲೂ ಸಾಲು ನಿಂತೇ ಇತ್ತು.’ ಅದು ಸಂತೋಷದ ಸಾಲು. ಪ್ರೇಮಲೀಲಾ ಅದನ್ನು ಬರೆಯುವಾಗ ನಕ್ಕಿರಬೇಕು. ಅದೇ ಮನೆಯಲ್ಲಿ, ಗೋಡೆಯ ಈಚೆ, ತಾವು ಮಲಗಿದ್ದಿರಬೇಕು.

ಕೊನೆಯ ದಾರ ಬಿಡಿಸಿ ಕೊನೆಯ ಪುಟ ಓದಿದ ಮಧ್ಯಾಹ್ನ ಅವರಿಗೆ ಯಾರೊಡನೆಯಾದರೂ ಮಾತಾಡಬೇಕೆನಿಸಿತು. ಈ ಪುಸ್ತಕವನ್ನು ಓದಿ, ಅದರ ಜನವನ್ನು ಬಲ್ಲವರು ಈ ಊರಿನಲ್ಲಿ ಇನ್ನೊಬ್ಬರೇ ಇದ್ದರು. ಆಕೆ ಬಾಗಿಲು ಮುಂದೆ ಮಾಡಿಕೊಂಡು ಹೋಗಿ ಎಂದಿದ್ದರು.

ಇಟ್ಟುಕೊಳ್ಳಬಹುದು ಎಂದು ಸುಷ್ಮಾ ಬರೆದಿದ್ದಳು. ಏಕಾಂತಯ್ಯನವರು ಪುಸ್ತಕವನ್ನು ಎದೆಗೊತ್ತಿಕೊಂಡು ಬಹಳ ಹೊತ್ತು ಕುಳಿತರು. ಇಟ್ಟುಕೊಂಡರೆ ಅದು ಮತ್ತೆ ಟ್ರಂಕಿನ ಮೇಲೆಯೇ. ಪಟ್ಟಿ ತಮ್ಮಲ್ಲಿಗೆ ಮುಗಿದರೂ, ಇದನ್ನು ಓದಬೇಕಾದವರು ಇನ್ನೂ ಎಷ್ಟು ಜನವಿದ್ದಾರೋ, ಎಲ್ಲೆಲ್ಲಿದ್ದಾರೋ.

ಲೇಖನಿ ತೆಗೆದರು. ಪಟ್ಟಿಯ ಹದಿನಾರನೆಯ ಸಾಲಿನಲ್ಲಿ ‘ಲೇಖಕಿಯ ಮನೆಯವರು’ ಎಂದಿದ್ದುದನ್ನು, ಕರಡಿನಲ್ಲಿ ತಪ್ಪನ್ನು ಹೊಡೆದುಹಾಕುವ ಹಾಗೆ, ಒಂದೇ ಗೆರೆಯಲ್ಲಿ ಹೊಡೆದರು. ಅದರ ಮುಂದೆ ತಮ್ಮ ಪೂರ್ತಿ ಹೆಸರು ಬರೆದರು. ಆಮೇಲೆ ಮೊದಲ ಪುಟಕ್ಕೆ ಬಂದು, ‘ಹಾಳೆ ಸೀಳುವಷ್ಟೂ ಪುರುಸೊತ್ತಿರಲಿಲ್ಲವೇ’ ಎಂಬ ಪರ್ತಿನವರ ಪ್ರಶ್ನೆಯ ಕೆಳಗೆ ಉಳಿದಿದ್ದ ಬೆರಳಗಲದ ಜಾಗದಲ್ಲಿ ಬರೆದರು: ‘ಪುರುಸೊತ್ತಿತ್ತು. ಈಗ ಮೊದಲಿನಿಂದ ಓದಿದೆ. ಏಕಾಂತಯ್ಯ, ಮೈಸೂರು.’ ಶಾಂತಾದೇವಿ ರಿಜಿಸ್ಟರ್ ಮಾಡಿದ ಪಾರ್ಸೆಲ್ಲಿನ ಅಂಚೆಚೀಟಿಯನ್ನು ಕತ್ತರಿಸಿ, ವಿನಿಪೆಗ್ಗಿನದರ ಪಕ್ಕದಲ್ಲಿ ಅಂಟಿಸಿದರು. ಮೂರು ವಾರಕ್ಕೆ ಇನ್ನೂ ಎರಡು ದಿನವಿರುವಾಗಲೇ ಪುಸ್ತಕ ಡನೆಡಿನ್ನಿಗೆ ಹೊರಟಿತು.

ಅದರೊಡನೆ ಅವರು ಇನ್ನೊಂದು ಲಕೋಟೆಯನ್ನೂ ಅಂಚೆಗೆ ಹಾಕಿದರು, ಕೃಷ್ಣಮೂರ್ತಿಪುರಂಗೆ. ಒಳಗೆ ಕಾಗದವಿರಲಿಲ್ಲ. ಬಿಡಿಸಿದ ಕೆಂಪು ದಾರಗಳಿದ್ದವು, ಉಂಡೆ ಕಟ್ಟಿ. ಬಿಡಿಸಿಲ್ಲವೆಂದು ಆಕೆ ಅನ್ನದಿರಲಿ.

ನಾಲ್ಕನೆಯ ದಿನ ಲಿಂಗರಾಜು ಒಂದು ಕಾರ್ಡು ತಂದ. ತಾನಾಗಲೇ ಓದಿದ್ದನೆಂಬುದು ಅವನ ಮುಖದಲ್ಲೇ ಕಾಣುತ್ತಿತ್ತು.

"ಏನ್ ಸಾ ಇದು, ಕೊಡೋದು ಬಾಕಿ ಇಟ್ಕೊಂಡ್ರಾ?"

ಕಾರ್ಡಿನಲ್ಲಿ ಎರಡೇ ಸಾಲಿತ್ತು. ‘ಏಕಾಂತಯ್ಯನವರಿಗೆ. ನಾನು ಹೊಲಿದದ್ದು ನಲವತ್ತೊಂಬತ್ತು. ನೀವು ಕಳಿಸಿರುವುದು ನಲವತ್ತೆಂಟು. ಶಾಂತಾದೇವಿ.’

ಏಕಾಂತಯ್ಯನವರು ಒಳಗೆ ಬಂದು ತಮ್ಮ ಕವನ ಸಂಕಲನವನ್ನು ಕೆಳಗಿಳಿಸಿದರು. ಅದರ ಬಿರಿದ ಬೆನ್ನಿನೊಳಗೆ, ಹಳದಿ ಪಟ್ಟಿಯ ಪಕ್ಕದಲ್ಲಿ, ಲೇಖಕಿಯ ಕೈಬರಹವನ್ನು ಮುಚ್ಚಿದ್ದ ಮೊದಲ ದಾರ ಸುರುಳಿ ಸುತ್ತಿಕೊಂಡು ಮಲಗಿತ್ತು. ಅದು ಇದೆಯೆಂಬುದನ್ನು ನೋಡಿ ಖಚಿತ ಮಾಡಿಕೊಂಡು, ಪುಸ್ತಕವನ್ನು ಮತ್ತೆ ಮೇಲಿಟ್ಟರು. ಮೇಜಿನ ಮುಂದೆ ಕುಳಿತು ಒಂದು ಕಾರ್ಡು ತೆಗೆದುಕೊಂಡರು. ಏನೆಂದು ಸಂಬೋಧಿಸುವುದೆಂದು ತಿಳಿಯದೆ ಆ ಜಾಗವನ್ನು ಖಾಲಿ ಬಿಟ್ಟರು. ಕೆಳಗೆ ಬರೆದರು:

‘ಉಳಿದ ಒಂದನ್ನು ಕೊಡುವುದಿಲ್ಲ. ಬೇಕಿದ್ದರೆ ಬಂದು ಜಗಳವಾಡು. ಹಾಲು ತರಿಸಿಟ್ಟಿರುತ್ತೇನೆ.’